ನೀರು ಕಾಣದ ಎರಡೂವರೆ ಮೀಟರ್

೧೧ ಫೆಬ್ರವರಿ, ಗುರುವಾರ
ಬೆಳಿಗ್ಗೆ ಹತ್ತೂಕಾಲು

ನನ್ನ ಬುಗುರಿಗೆ ಅಮ್ಮನ ಪ್ರೀತಿ.

ನಾವೆಲ್ಲ ಕ್ಷೇಮ ಎಂದು ಶುರು ಮಾಡಬೇಕು. ಕ್ಷೇಮವೇನೋ ಹೌದು, ನೆಮ್ಮದಿಯನ್ನು ಮಾತ್ರ ಕೇಳಬೇಡ. ಮನೆಯಲ್ಲಿರುವ ಬಕೆಟ್ಟು, ಟಬ್ಬು, ನಿನ್ನನ್ನು ಮಗುವಾಗಿದ್ದಾಗ ಮೀಯಿಸುತ್ತಿದ್ದ ಬೋಗುಣಿ ಸಮೇತ ಎಲ್ಲದರಲ್ಲೂ ಬಟ್ಟೆ ನೆನೆದಿದೆ. ನಿಮ್ಮಪ್ಪ ಸ್ನಾನಕ್ಕೆಂದು ಹೋದವರು ಹೋದ ಹಾಗೇ ವಾಪಸ್ಸು ಬಂದು, "ಈ ಮನೇಲಿ ಬಟ್ಟೆಗಿರೋ ಯೋಗ ಮನುಷ್ಯರಿಗಿಲ್ಲ" ಎಂದು ಗೊಣಗಿ, ಬರೀ ಮುಖ ತೊಳೆದುಕೊಂಡು ಬಸ್ಸು ಓಡಿಸಲು ಹೋದರು. ಇವತ್ತು ಅವರ ಪಕ್ಕ ಕೂತ ಕಂಡಕ್ಟರನ ಗತಿ ದೇವರಿಗೇ ಪ್ರೀತಿ.

ಪತ್ರ ಯಾಕೆ, ಫೋನಿಲ್ಲವೇ ಎಂದು ಕೇಳುತ್ತೀಯ. ಈ ವಿಷಯವನ್ನು ಫೋನಿನಲ್ಲಿ ಹೇಳಲು ನಾನು ಎಷ್ಟು ಸಲ ಹೊರಟಿಲ್ಲ! ನಿನ್ನ ದನಿ ಕೇಳುತ್ತಲೇ ನಾಲಿಗೆ ತಾನಾಗಿಯೇ "ಊಟ ಆಯ್ತಾ, ಮಂಡಿ ಹೇಗಿದೆ, ಅಂಗಡೀಲಿ ಕೂರೋಕೆ ಕುರ್ಚಿ ಕೊಟ್ರಾ" ಎನ್ನುವ ಕಡೆಗೆ ಜಾರಿಬಿಡುತ್ತದೆ. ನೀನೂ "ಹ್ಞೂಂ ಅಮ್ಮ, ಯಾರೋ ಗಿರಾಕಿ ಬಂದ್ರು" ಎಂದು ಇಟ್ಟುಬಿಡುತ್ತೀಯ. ಔಷಧಿ ಅಂಗಡಿಗೆ ಗಿರಾಕಿ ಬರದೆ ಇರುತ್ತಾರೆಯೇ? ಕಾಗದದಲ್ಲಾದರೆ ನನ್ನ ಮಾತನ್ನು ನಾನೇ ನುಂಗಲು ಬರುವುದಿಲ್ಲ. ಪೂರ್ತಿ ಓದು. ಹರಿದು ಹಾಕಬೇಕೆನ್ನಿಸಿದರೆ ಕೊನೆಯವರೆಗೂ ಓದಿ ಆಮೇಲೆ ಹರಿ.

ಹೋದ ವಾರ ನಿನ್ನ ಡ್ಯಾನ್ಸ್ ಟೀಚರ್ ಮನೆಗೆ ಬಂದಿದ್ದರು, ನಾಲ್ಕು ವರ್ಷದ ಮೇಲೆ. ಬಾಗಿಲಲ್ಲೇ ನಿಂತು, "ಮಾರ್ಚ್ ಮೊದಲ ವಾರ ಕಾರ್ಯಕ್ರಮ. ಏಳು ಹುಡುಗೀರು. ಏಳು ಲಂಗ, ಏಳು ಮೇಲಂಗಿ. ಬುಗುರಿ ಅಮ್ಮ, ಬೇರೆಯವರ ಹೊಲಿಗೆ ನನ್ನ ಮಕ್ಕಳ ಮೈಗೆ ಕೂರಲ್ಲ, ನೀವೇ ಮಾಡ್ಬೇಕು" ಎಂದರು. ಆಗುವುದಿಲ್ಲ ಎನ್ನಬೇಕಿತ್ತು. ಈ ನಾಲ್ಕು ವರ್ಷ ನಾನು ಹೊಲಿದಿದ್ದೆಲ್ಲ ದಿಂಬಿನ ಚೀಲ, ಕಿಟಕಿ ಪರದೆ, ಸ್ಕೂಲಿನ ಸಮವಸ್ತ್ರ. ತಿರುಗುವ ಬಟ್ಟೆ ಒಂದೂ ಇಲ್ಲ. ಬೇಡ ಎನ್ನಲು ಬಾಯಿ ತೆರೆದೆ, ಬಾಯಿಂದ "ಅಳತೆ ಯಾವಾಗ ಕೊಡ್ತೀರಾ" ಎಂದು ಬಂತು.

ಮರುದಿನವೇ ಇಬ್ಬರೂ ಬಟ್ಟೆ ಅಂಗಡಿಗೆ ಹೋದೆವು. ಅದೇ ಅಂಗಡಿ, ಸೋಡಾಗ್ಲಾಸಿನದು. ನೀನು ಚಿಕ್ಕವಳಿದ್ದಾಗ ಇಟ್ಟ ಹೆಸರು, ಈಗ ಬೀದಿಗೆಲ್ಲ ಅಂಟಿದೆ. ಕನ್ನಡಕ ಇನ್ನೂ ದಪ್ಪವಾಗಿದೆ. ಬಣ್ಣ ನೋಡಲು ಬಟ್ಟೆಯನ್ನು ಮೂಗಿಗೆ ತಾಗಿಸಿಕೊಳ್ಳುತ್ತಾನೆ. ಆದರೆ ಬೆರಳಲ್ಲಿ ಒಮ್ಮೆ ಸವರಿದರೆ ಹತ್ತಿಯೆಷ್ಟು, ಬೆರಕೆಯೆಷ್ಟು ಎಂದು ಈಗಲೂ ಹೇಳಿಬಿಡುತ್ತಾನೆ.

ಟೀಚರ್ ಸುಮ್ಮನೆ ಕೈಯಲ್ಲಿ ಹಿಡಿದು ನೋಡುವವರಲ್ಲವಲ್ಲ. ಥಾನಿನಿಂದ ನಾಲ್ಕು ಮೀಟರ್ ಬಿಚ್ಚಿಸಿ, ಸೊಂಟಕ್ಕೆ ಸುತ್ತಿಕೊಂಡು, ಎರಡು ಕಪಾಟುಗಳ ನಡುವಿನ ಜಾಗದಲ್ಲಿ ಗಿರ್ರನೆ ತಿರುಗಿದರು. ಅರವತ್ತೆರಡು ವರ್ಷ! ಗುಂಡಿ ಕೊಳ್ಳಲು ಬಂದಿದ್ದ ಹೆಂಗಸು ಗುಂಡಿಯನ್ನು ಮರೆತು ನಿಂತಳು. ಮೊದಲ ಬಟ್ಟೆ ಕಾಲಿಗೆ ಸುತ್ತಿಕೊಂಡಿತು. ಎರಡನೆಯದು ರಟ್ಟಿನ ಹಾಗೆ ಸೆಟೆದು ನಿಂತಿತು. ಮೂರನೆಯದು, ದಾಳಿಂಬೆ ಬಣ್ಣದ್ದು, ಮೇಲೆದ್ದು ತೆರೆದುಕೊಂಡು, ಅವರು ನಿಂತ ಮೇಲೂ ಅರೆಗಳಿಗೆ ತಡೆದು ಮೆಲ್ಲಗೆ ಇಳಿಯಿತು. "ಇದಕ್ಕೆ ತಾಳ ಗೊತ್ತು" ಎಂದು ಏದುಸಿರು ಬಿಡುತ್ತ ಹೇಳಿದರು. "ನಿಮಗೆ ವಯಸ್ಸು ಗೊತ್ತಿಲ್ಲ" ಎಂದ ಸೋಡಾಗ್ಲಾಸು.

ಒಳಗಿನ ಲೈನಿಂಗಿಗೆ ಹತ್ತಿ ಬಟ್ಟೆ ಕೇಳಿದೆ. ಬೆವರು ಹೀರಬೇಕಲ್ಲ. ಅವನು ಬಿಳಿ ಥಾನೊಂದನ್ನು ಮೇಜಿನ ಮೇಲೆ ದೊಪ್ಪನೆ ಹಾಕಿ, "ಮೊದಲೇ ಕುಗ್ಗಿಸಿರೋ ಮಾಲು, ತಾಯಿ. ನೆನೆಸೋ ರಗಳೆ ಇಲ್ಲ, ಸೀದಾ ಕತ್ತರಿ ಹಾಕಿ" ಎಂದ. ನಾನು ಥಾನಿನ ಮೇಲಿಂದ ಕೈ ತೆಗೆದೆ. ಯಾಕೆಂದು ಮುಂದೆ ಹೇಳುತ್ತೇನೆ.

ಅಲ್ಲೇ, ಅವನು ಬಟ್ಟೆ ಅಳೆಯುತ್ತಿರುವಾಗ, ಟೀಚರ್ ಫೋನು ತೆಗೆದು ನೀನು ಅವರಿಗೆ ಬರೆದಿದ್ದನ್ನು ಓದಿ ತೋರಿಸಿದರು. ಹತ್ತು ದಿನ ಬಂದು ಈ ಹುಡುಗಿಯರಿಗೆ ಸುತ್ತುಗಳನ್ನು ಹೇಳಿಕೊಡು ಎಂದು ಅವರು ಕೇಳಿದ್ದರಂತೆ. ನೀನು ನನಗೆ ಇದನ್ನು ಹೇಳಿರಲಿಲ್ಲ. "ನನ್ನ ಕಾಲನ್ನ ನಾನೇ ನಂಬಲ್ಲ ಟೀಚರ್. ನಂಬಿಕೆ ಇಲ್ಲದ ಕಾಲಿಟ್ಕೊಂಡು ಬೇರೆ ಮಕ್ಕಳಿಗೆ ಏನು ಕಲಿಸಲಿ? ಕ್ಷಮಿಸಿ." ಇಷ್ಟೇ. ಅಲ್ಲಿ ಕುರ್ಚಿ ಇರಲಿಲ್ಲ. ನಾನು ಥಾನುಗಳ ಮೇಲೆಯೇ ಕೂತುಬಿಟ್ಟೆ. ಸೋಡಾಗ್ಲಾಸು ಓಡಿಹೋಗಿ ನೀರು ತಂದುಕೊಟ್ಟ. ಬಿಸಿಲಿಗೆ ತಲೆ ಸುತ್ತಿತು ಎಂದೆ. ನನಗೆ ಎಷ್ಟು ಬೇಗ ಸುಳ್ಳು ಹೊಳೆಯುತ್ತದೆ, ನೋಡು.

ಒಂದು ನಿಮಿಷ, ಹಗ್ಗದ ಮೇಲಿನದು ಹಾರುತ್ತಿರುವ ಸದ್ದು.

ಹನ್ನೊಂದೂವರೆ

ಹಾರಿರಲಿಲ್ಲ. ಕ್ಲಿಪ್ಪು ಗಟ್ಟಿಯಾಗಿಯೇ ಇತ್ತು. ಸುಮ್ಮನೆ ಎದ್ದು ಹೋಗಲು ನನಗೊಂದು ನೆಪ ಬೇಕಿತ್ತು. ಹೋದವಳು ದಾಳಿಂಬೆಯ ಟಬ್ಬಿನ ನೀರನ್ನೂ ಬದಲಾಯಿಸಿ ಬಂದೆ.

ನಿನಗೆ ನಿಜ ಹೇಳುತ್ತೇನೆ. ಈ ಬಟ್ಟೆ ಸೋಮವಾರವೇ ಕತ್ತರಿಸಲು ತಯಾರಾಗಿತ್ತು. ತುದಿ ಬಿಚ್ಚಿಹೋಗದಂತೆ ಅಂಕುಡೊಂಕು ಹೊಲಿಗೆ ಹಾಕಿ, ಬಣ್ಣದ್ದನ್ನು ಉಪ್ಪು ನೀರಲ್ಲಿ ಬೇರೆಯಾಗಿ ನೆನೆಸಿ, ಹತ್ತಿಯದನ್ನು ಕೈ ಸುಡುವಷ್ಟು ಬಿಸಿ ನೀರಲ್ಲಿ ಅದ್ದಿ, ಹಿಂಡದೆ ನೀರು ಸೋರಲು ಬಿಟ್ಟು, ಉದ್ದಕ್ಕೆ ಒಣಹಾಕಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಕಿ ಎಲ್ಲ ಆಗಿತ್ತು. ಬಿಳಿ ಕರವಸ್ತ್ರ ಒದ್ದೆ ಮಾಡಿ ದಾಳಿಂಬೆಯ ಮೇಲೆ ಉಜ್ಜಿ ನೋಡಿದೆ, ಚೂರೂ ಬಣ್ಣ ಹತ್ತಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ಮೇಜಿನ ಮೇಲೆ ಹರಡಿದೆ, ಗೆರೆ ಎಳೆದೆ, ಕತ್ತರಿ ತೆಗೆದುಕೊಂಡೆ. ಕತ್ತರಿಯ ಬಾಯಿ ತೆರೆದ ಕೈ ಮುಚ್ಚಲಿಲ್ಲ. ಮತ್ತೆ ನೀರಿಗೆ ಹಾಕಿದೆ. ಮಂಗಳವಾರವೂ ಹೀಗೆಯೇ, ನಿನ್ನೆಯೂ ಹೀಗೆಯೇ. ಇವತ್ತು ನಾಲ್ಕನೆಯ ಸಲ. "ಇನ್ನೊಂದ್ಸಲ ತೊಳಿ, ಬಟ್ಟೆ ಹೋಗಿ ನೂಲಾಗುತ್ತೆ, ಆಮೇಲೆ ನೇಯ್ಕೊಂಡು ಕೂತ್ಕೋ" ಎಂದರು ನಿಮ್ಮಪ್ಪ. ನಗು ಬರಬೇಕಿತ್ತು. ನಾನು ಅತ್ತುಬಿಟ್ಟೆ. ಅವರು ಪಾಪ ಹೆದರಿ ತಾವೇ ಒಂದು ಬಕೆಟ್ಟು ತುಂಬಿಸಿಕೊಟ್ಟರು.

ಸೋಮವಾರ ಮೊದಲ ಸಲ ತೊಳೆಯುವ ಮುಂಚೆ, ಆ "ಕುಗ್ಗಿಸಿರೋ" ಲೈನಿಂಗಿನಿಂದ ಇಪ್ಪತ್ತು ಇಂಚಿನ ಒಂದು ಚೌಕ ಕತ್ತರಿಸಿ ಅದನ್ನು ಮಾತ್ರ ಬಿಸಿ ನೀರಿಗೆ ಹಾಕಿ ಒಣಗಿಸಿ ಅಳೆದೆ. ಅಗಲ ಹೆಚ್ಚೂಕಡಿಮೆ ಹಾಗೇ ಇತ್ತು. ಉದ್ದ ಹದಿನೆಂಟೂವರೆ. ಟೇಪು ತಿರುಗಿಸಿ ಮತ್ತೆ ಅಳೆದೆ, ಹದಿನೆಂಟೂವರೆ. ಮೂವತ್ತೆಂಟು ಇಂಚಿನ ಲಂಗಕ್ಕೆ ಹತ್ತಿರ ಹತ್ತಿರ ಮೂರು ಇಂಚು ಕಡಿಮೆ. ನೀನು ಬಿದ್ದ ದಿನ ಹಾಕಿದ್ದ ಲಂಗವೂ ಮೂವತ್ತೆಂಟು ಇಂಚಿನದು.

ಬುಗುರಿ, ಅವತ್ತು ತಪ್ಪಿದ್ದು ನಿನ್ನ ಕಾಲಲ್ಲ.

ಬರೆದೆ. ಈಗ ಉಳಿದದ್ದನ್ನು ಬರೆಯಲೇಬೇಕು.

ನಾಲ್ಕು ವರ್ಷದ ಹಿಂದೆ ಆರು ಜನಕ್ಕೆ ಲಂಗ ಹೊಲಿದೆನಲ್ಲ, ಸೊಂಟದಿಂದ ಕೆಳಕ್ಕೆ ಹನ್ನೆರಡು ಪಟ್ಟಿ ಜೋಡಿಸಿದ್ದು, ಆಗಲೂ ಎಲ್ಲ ಬಟ್ಟೆಯನ್ನೂ ಹೀಗೇ ತೊಳೆದಿದ್ದೆ. ಬೇರೆಯವರ ಮಕ್ಕಳು, ಒಂದು ಹೆಚ್ಚುಕಡಿಮೆ ಆದರೆ ಅವರಮ್ಮಂದಿರಿಗೆ ಏನು ಹೇಳಲಿ ಎಂದು ಪ್ರತಿಯೊಂದನ್ನೂ ಎರಡೆರಡು ಸಲ ಅಳೆದು ಕತ್ತರಿಸಿದೆ. ಐದು ಮುಗಿಯಿತು. ಆರನೆಯದು ನಿನ್ನದು. ಕೊನೆಗೆ ನಿನ್ನದು ಇಟ್ಟುಕೊಂಡಿದ್ದೆ, ಮನೆಯದೇ ಅಲ್ಲವೇ ಎಂದು. ನಿನ್ನದಕ್ಕೆ ಲೈನಿಂಗ್ ಸಾಲಲಿಲ್ಲ, ನಾಲ್ಕು ಪಟ್ಟಿ ಕಡಿಮೆ ಬಿತ್ತು. ಮರುದಿನ ಬೆಳಿಗ್ಗೆ ವೇಷ ಹಾಕಿಕೊಂಡು ಮಾಡುವ ಅಭ್ಯಾಸವಿತ್ತು. ಸೋಡಾಗ್ಲಾಸಿನ ಅಂಗಡಿಗೆ ಓಡಿ ಇನ್ನೂ ಎರಡೂವರೆ ಮೀಟರ್ ತಂದೆ. ಅವತ್ತೂ ಅವನು ಇದೇ ಮಾತು ಹೇಳಿದ್ದ, ಕುಗ್ಗಿಸಿರೋ ಮಾಲು ಎಂದು. ತಪ್ಪನ್ನು ಅವನ ತಲೆಗೆ ಕಟ್ಟಿಬಿಡಬಹುದು. ಆದರೆ ಅಂಗಡಿಯವರ ಮಾತನ್ನು ಯಾವ ಹೊಲಿಗೆಯವಳು ನಂಬುತ್ತಾಳೆ? ಇಪ್ಪತ್ತೆಂಟು ವರ್ಷದ ಕೈ ನನ್ನದು. ನೀರು ಕುಡಿಸದ ಹತ್ತಿಗೆ ಕತ್ತರಿ ಹಾಕಬಾರದೆಂದು ಹೊಲಿಗೆ ಕಲಿಯಲು ಬರುವವರಿಗೆ ಮೊದಲ ದಿನವೇ ಪಾಠ ಹೇಳುವವಳು ನಾನು. ಗೊತ್ತಿದ್ದೂ ಹಾಕಿದೆ. ನನ್ನ ಮಗಳದ್ದಲ್ಲವೇ, ಏನಾದರೂ ಆದರೆ ಆಮೇಲೆ ಸರಿಮಾಡಿಕೊಂಡರಾಯಿತು ಎಂದುಕೊಂಡೆ. ಬೇರೆಯವರ ಮಕ್ಕಳಿಗೆ ಹೊಲಿಯುವಾಗ ಇದ್ದ ಭಯ ನಿನಗೆ ಹೊಲಿಯುವಾಗ ಇರಲಿಲ್ಲ. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ.

ಆ ನಾಲ್ಕು ಪಟ್ಟಿ ಎಡಗಡೆಗೆ ಬಂದವು.

ಅಭ್ಯಾಸದ ದಿನ ಏನೂ ಆಗಲಿಲ್ಲ. ಲಂಗ ಬೆವರಲ್ಲಿ ತೊಯ್ದು ಬಂತು. ಕಾರ್ಯಕ್ರಮದ ಹಿಂದಿನ ದಿನ ಅದನ್ನು ತೊಳೆದು ಬಿಸಿಲಿಗೆ ಹಾಕಿದೆ. ಎಂಟು ಪಟ್ಟಿ ಆಗಲೇ ಕುಗ್ಗಿ ಮುಗಿದಿದ್ದವು, ಇನ್ನು ಅಲುಗುವುದಿಲ್ಲ. ಎಡಗಡೆಯ ನಾಲ್ಕು ಮಾತ್ರ ನಿಧಾನವಾಗಿ ಮೇಲಕ್ಕೆ ಎಳೆದುಕೊಂಡವು. ಮೇಲಿನ ಬಟ್ಟೆಯ ಅಂಚನ್ನು ಲೈನಿಂಗಿಗೆ ಸೇರಿಸಿ ಹೊಲಿದಿದ್ದೆನಲ್ಲ, ಒಳಗಿನದು ಎಳೆದಂತೆ ಮೇಲಿನದು ಜೋಳಿಗೆಯ ಹಾಗೆ ಜೋತುಬಿದ್ದು, ಒಂದು ಗೇಣು ಹೊಲಿಗೆ ಕಿತ್ತುಕೊಂಡಿತು. ಅದು ನನಗೆ ಕಂಡಿದ್ದು ನೀನು ಬಿದ್ದ ಮೇಲೆ. ಇಸ್ತ್ರಿ ಮಾಡುವಾಗಲೂ ಗಮನಕ್ಕೆ ಬರಲಿಲ್ಲ.

ನೀನು ಮೂರನೆಯ ಸುತ್ತಿನಲ್ಲಿದ್ದೆ. ನಾನು ಪರದೆಯ ಪಕ್ಕ ಸೂಜಿದಾರ ಹಿಡಿದು ನಿಂತಿದ್ದೆ. ನಿನ್ನ ಎಡಗಾಲಿನ ಬೆರಳು ಆ ಕಿತ್ತ ಹೊಲಿಗೆಯ ಬಾಯಿಯೊಳಗೆ ಹೋಯಿತು. ಅಷ್ಟೇ. ವೇದಿಕೆಯ ಮುಂದೆ ಮೂರು ಮೆಟ್ಟಿಲು ಇತ್ತು. ನಿನಗೆ ಮಂಡಿಯ ಸದ್ದು ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು. ಈಗಲೂ ಯಾರಾದರೂ ಕಡ್ಡಿ ಮುರಿದರೆ ನಾನು ಎದ್ದು ಆಚೆ ಹೋಗುತ್ತೇನೆ.

ಮಧ್ಯಾಹ್ನ ಒಂದೂಕಾಲು

ಊಟ ಮಾಡಲು ಕೂತು ಎದ್ದೆ. ಸೇರಲಿಲ್ಲ. ಲೈನಿಂಗ್ ಒಣಗಿದೆ. ಅಳೆದೆ, ಸೋಮವಾರದಷ್ಟೇ ಇದೆ. ಇನ್ನು ಅದು ಕುಗ್ಗುವುದಿಲ್ಲ, ನನಗೆ ಗೊತ್ತು. ಆದರೂ ಅಳೆದೆ.

ಆಸ್ಪತ್ರೆಯಲ್ಲಿ ನಿನ್ನ ಲಂಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ, ನಿಮ್ಮಪ್ಪ ನಿನ್ನ ಹತ್ತಿರ ಇದ್ದಾಗ, ಬಟ್ಟೆ ತರುತ್ತೇನೆಂದು ನಾನು ಮನೆಗೆ ಬಂದೆ ನೋಡು, ಆಗ ಚೀಲ ಬಿಚ್ಚಿದೆ. ಎಡಗಡೆಯ ಅಂಚನ್ನು ಪೂರ್ತಿ ಬಿಚ್ಚಿ, ಲೈನಿಂಗನ್ನೂ ಮೇಲಿನ ಬಟ್ಟೆಯನ್ನೂ ಬೇರೆ ಮಾಡಿ, ಎರಡಕ್ಕೂ ಬೇರೆ ಬೇರೆ ಹೆಮ್ಮಿಂಗ್ ಹಾಕಿ, ಇಸ್ತ್ರಿ ಮಾಡಿ ಮಡಿಸಿಟ್ಟೆ. ಹತ್ತು ನಿಮಿಷದ ಕೆಲಸ. ನೀನು ಬೀಳುವ ಮುಂಚೆ ಮಾಡಿದ್ದರೂ ಹತ್ತೇ ನಿಮಿಷ.

ಯಾಕೆ ಹಾಗೆ ಮಾಡಿದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಯಾರಿಗೋ ಮೋಸ ಮಾಡಬೇಕೆಂದು ಅಲ್ಲ, ಆ ಬಾಯಿಬಿಟ್ಟ ಹೊಲಿಗೆ ನೋಡಲಾಗಲಿಲ್ಲ ಎಂದು ಮೊದಲ ವರ್ಷವೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ನೀನು ಮನೆಗೆ ಬಂದ ಮೇಲೆ ಟೀಚರ್ ನೋಡಲು ಬಂದರು. ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದೆ ನೀನು. "ಲಂಗ ಏನಾದ್ರೂ ತೊಡರಿತಾ? ಎಲ್ಲಿ, ತೋರಿಸಿ" ಎಂದರು. ನಾನು ತಂದುಕೊಟ್ಟೆ. ನನ್ನ ಕೈಯಾರೆ ತಂದುಕೊಟ್ಟೆ. ಅವರು ಅಂಚನ್ನು ಸುತ್ತಲೂ ಬೆರಳಲ್ಲಿ ಮುಟ್ಟುತ್ತ ಬಂದು, "ಅಂಚಿಗೇನೂ ಆಗಿಲ್ಲ. ಹಾಗಾದ್ರೆ ಹೆಜ್ಜೇನೇ ತಪ್ಪಿರೋದು. ಇರಲಿ, ಯಾರಿಗಾದ್ರೂ ಆಗುತ್ತೆ" ಎಂದರು. ನೀನು ನಗುತ್ತ ಹೇಳಿದೆ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಾನು ನೆಲಕ್ಕೂ ಹೇಳಲ್ಲ, ಲಂಗಕ್ಕೂ ಹೇಳಲ್ಲ ಟೀಚರ್. ನನ್ನ ಕಾಲೇ."

ನೆಲ ಡೊಂಕಾಗಿತ್ತು ಮಗಳೇ. ಡೊಂಕು ಮಾಡಿದವಳು ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದಳು.

ಆಗ ಹೇಳಬಹುದಿತ್ತು. ಮಂಡಿ ವಾಸಿಯಾಗಲಿ, ಆಮೇಲೆ ಎಂದುಕೊಂಡೆ. ಒಂದು ವರ್ಷಕ್ಕೆ ಡಾಕ್ಟರು "ಇನ್ನು ಕುಣೀಬಹುದು, ಭಯ ಬೇಡ" ಎಂದಾಗ ಹೇಳಬಹುದಿತ್ತು. ನೀನೇ ಮತ್ತೆ ಶುರು ಮಾಡುತ್ತೀಯ, ಆಗ ಹೇಳುವ ಅಗತ್ಯವೇ ಬರುವುದಿಲ್ಲ ಎಂದು ಕಾದೆ. ನೀನು ಔಷಧಿ ಅಂಗಡಿಯ ಕೆಲಸ ಹಿಡಿದು ಬೇರೆ ಊರಿಗೆ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ನೀನು ಮೆಟ್ಟಿಲು ಹತ್ತುವಾಗ ಕೆಳಗೆ ನೋಡಿಕೊಂಡು, ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟೆ. ಮಂಡಿಯಲ್ಲಿ ನೋವಿರಲಿಲ್ಲ, ಅದು ನನಗೆ ಗೊತ್ತಿತ್ತು. ಮೂರು ವರ್ಷದವಳಿದ್ದಾಗ ನೆಲದ ಮೇಲೆ ನಿಲ್ಲದೆ ಗಿರಗಿರ ಸುತ್ತಿ ಬುಗುರಿ ಎನ್ನಿಸಿಕೊಂಡವಳು. ಅವತ್ತೂ ಬಾಯಿ ಬಿಡಲಿಲ್ಲ. ದಾರಿಗೆ ಬಾಳೆಹಣ್ಣು ಕೊಟ್ಟೆ.

ನಿನ್ನೆ ಬಟ್ಟೆಯನ್ನು ಮೂರನೆಯ ಸಲ ಹಗ್ಗಕ್ಕೆ ಹಾಕಿದವಳು ಹಾಗೇ ಚಪ್ಪಲಿ ಮೆಟ್ಟಿಕೊಂಡು ಟೀಚರ್ ಮನೆಗೆ ಹೋದೆ. ಕೆಳಗಿನ ಕೋಣೆಯಲ್ಲಿ ಪಾಠ ನಡೆದಿತ್ತು. ಅವರನ್ನು ಹೊರಗೆ ಕರೆದು, ನಿಂತ ಕಾಲಲ್ಲೇ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ತಮ್ಮ ಕೈಬೆರಳನ್ನೇ ನೋಡಿಕೊಂಡರು, ಆ ಅಂಚನ್ನು ಮುಟ್ಟಿ ನೋಡಿದ್ದ ಬೆರಳು. ಆಮೇಲೆ, "ಹೆಜ್ಜೆ ತಪ್ಪಿದೆ ಅಂತ ಆ ಮಗುವಿಗೆ ಹೇಳಿದ್ದು ನಾನು" ಎಂದರು. ನಾನು ಕ್ಷಮೆ ಕೇಳಿದೆ. "ನನ್ನ ಹತ್ರ ಯಾಕೆ ಕೇಳ್ತೀರಾ? ಬಿದ್ದವಳು ನಾನಾ?" ಎಂದರು. ಬಟ್ಟೆ ವಾಪಸ್ಸು ಕೊಡಲೇ ಎಂದೆ. "ಬಟ್ಟೆ ನಿಮ್ಮ ಹತ್ರಾನೇ ಇರಲಿ. ಮೊದಲು ಅವಳಿಗೆ ಹೇಳಿ. ಆಮೇಲೆ ಕತ್ತರಿ ಹಿಡೀರಿ. ಶನಿವಾರದೊಳಗೆ ಕತ್ತರಿಸಲಿಲ್ಲ ಅಂದ್ರೆ ನನ್ನ ಮಕ್ಕಳು ಹಳೇ ಬಟ್ಟೇಲೇ ಕುಣೀತಾರೆ, ಅದರಿಂದ ಯಾರೂ ಸಾಯಲ್ಲ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ಹೆಜ್ಜೆಯ ಸದ್ದು ಮತ್ತೆ ಶುರುವಾಯಿತು.

ರಾತ್ರಿ ನಿಮ್ಮಪ್ಪನಿಗೂ ಹೇಳಿದೆ. ಇವತ್ತು ಬೆಳಿಗ್ಗೆ ಆ ಸ್ನಾನದ ಜೋಕು ಹೇಳಿದ್ದು ನನ್ನ ಸಮಾಧಾನಕ್ಕೆ, ಮುಖದಲ್ಲಿ ನಗು ಇರಲಿಲ್ಲ. ಬಾಗಿಲ ಹತ್ತಿರ ನಿಂತು, "ಅವಳಿಗೆ ಬರೆಯುವಾಗ ನಂಗೆ ಗೊತ್ತಿರಲಿಲ್ಲ ಅಂತ ಒಂದು ಸಾಲು ಹಾಕು" ಎಂದರು. ಹಾಕಿದ್ದೇನೆ. ಅವರಿಗೆ ಗೊತ್ತಿರಲಿಲ್ಲ.

ನೀನು ಟೀಚರ್ ಹತ್ತಿರ ಬಾ ಎಂದೋ, ಮತ್ತೆ ಕುಣಿ ಎಂದೋ ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಆ ಮಾತು ಆಡುವ ಬಾಯಿ ನನಗಿಲ್ಲ. ನಿನ್ನ ಕಾಲು ನಿನಗೆ ಯಾವತ್ತೂ ಸುಳ್ಳು ಹೇಳಿಲ್ಲ. ಹೇಳಿದವಳು ನಾನು. ಇಷ್ಟು ನಿನಗೆ ತಿಳಿದಿರಲಿ. ನನ್ನ ಫೋನು ಎತ್ತಬೇಡ ಅನ್ನಿಸಿದರೆ ಎತ್ತಬೇಡ. ಅಪ್ಪನದನ್ನು ಎತ್ತು, ಅವರು ಊಟ ಬಿಡುತ್ತಾರೆ.

ಅಂಚೆಪೆಟ್ಟಿಗೆ ತೆರೆಯುವುದು ಮೂರು ಗಂಟೆಗೆ. ಹಾಕಿ ಬಂದು ಕತ್ತರಿ ಹಿಡಿಯುತ್ತೇನೆ. ಕೈ ಮುಚ್ಚುತ್ತದೋ ಇಲ್ಲವೋ ಗೊತ್ತಿಲ್ಲ.

ನಿನ್ನ ಮಂಡಿಯನ್ನೂ ನಿನ್ನನ್ನೂ ಪ್ರತಿದಿನ ನೆನೆಯುವ,
ಅಮ್ಮ

ಮತ್ತೆ: ಎರಡೂವರೆ ಗಂಟೆ. ಲಕೋಟೆ ಅಂಟಿಸಿದ್ದೆ, ಬಿಚ್ಚಿದ್ದೇನೆ. ಹರಿದ ಮೂಲೆ ನೋಡಿ ಬೇರೆ ಯಾರೋ ಓದಿದ್ದಾರೆ ಎಂದುಕೊಳ್ಳಬೇಡ.

ನೀನು ಬಿದ್ದ ಮೇಲೆ ಕಂಡೆ ಎಂದು ಬರೆದೆನಲ್ಲ, ಅದು ಸುಳ್ಳು. ಇಸ್ತ್ರಿ ಮಾಡುವಾಗಲೇ ಕಂಡಿತ್ತು. ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಒತ್ತಿ ಎಳೆದು ಕೂರಿಸಿದೆ. ಆಮೇಲೆ ಪರದೆಯ ಹಿಂದೆ ನೀನೇ ಬಂದು ಕೇಳಿದೆ, "ಅಮ್ಮ, ಎಡಗಡೆ ಏನೋ ಎಳೀತಿದೆ, ನೋಡು" ಎಂದು. ಬೇರೆ ಹುಡುಗಿಯ ಮೇಲಂಗಿಗೆ ಗುಂಡಿ ಹಾಕುತ್ತಿದ್ದವಳು ತಲೆಯೆತ್ತಲಿಲ್ಲ. "ಏನಿಲ್ಲ, ನಿನ್ನ ಭ್ರಮೆ, ಹೋಗು" ಎಂದೆ. ನೀನು ಹೋದೆ. ನನ್ನ ಮಾತು ನಂಬಿ ಹೋದೆ. ಅದನ್ನು ನೀನು ಮರೆತಿದ್ದೀಯೋ, ನನ್ನನ್ನು ಉಳಿಸಲು ಮರೆತಂತೆ ಇದ್ದೀಯೋ, ಈ ನಾಲ್ಕು ವರ್ಷ ಕೇಳುವ ಧೈರ್ಯ ಬಂದಿಲ್ಲ.

ಮೇಲೆ ಬರೆದಿದ್ದನ್ನು ಹೊಡೆದುಹಾಕಿಲ್ಲ, ಹಾಗೇ ಬಿಟ್ಟಿದ್ದೇನೆ. ಹಿಂದಿನ ಹಾಳೆ ತಿರುಗಿಸಿ ನೋಡು, ಇಡೀ ಪತ್ರದಲ್ಲಿ ಆ ಎರಡು ಸುಳ್ಳು ಸಾಲಿನ ಅಕ್ಷರವೇ ದುಂಡಗಿದೆ.